ಎನ್‌ಪಿಎಸ್‌ಗೆ ಏಳು ವರ್ಷ ದುಡ್ಡು ಹಾಕಿದ ಮೇಲೆ: ಒಬ್ಬಳೇ ಸಂಸಾರ ತೂಗಿಸುವವಳ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಎನ್‌ಪಿಎಸ್‌ಗೆ (ನಾವೇ ದುಡ್ಡು ಹಾಕುತ್ತಾ ಹೋಗುವ ರಾಷ್ಟ್ರೀಯ ಪಿಂಚಣಿ ಯೋಜನೆ) ಐದಕ್ಕೆ ಮೂರೂವರೆ ಸ್ಟಾರ್. ಒಂದೂವರೆ ಯಾಕೆ ಕಡಿತ ಅನ್ನೋದು ಕೆಳಗೆ ಬರುತ್ತದೆ. ನಾನು ಏಜೆಂಟ್ ಅಲ್ಲ, ಸಲಹೆಗಾರಳೂ ಅಲ್ಲ. ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ವಯಸ್ಸು 44. ಡಿವೋರ್ಸ್ ಆಗಿ ಏಳು ವರ್ಷ ದಾಟಿತು. ಹದಿಮೂರು ವರ್ಷದ ಮಗಳಿದ್ದಾಳೆ. ಎನ್‌ಪಿಎಸ್ ಬಗ್ಗೆ ಹುಡುಕಿದರೆ ಸಿಗುವುದೆಲ್ಲ 25 ವರ್ಷದ ಹುಡುಗನ ಲೆಕ್ಕ, ತಿಂಗಳಿಗೆ ಇಷ್ಟು ಹಾಕು, 60ಕ್ಕೆ ಕೋಟಿ ಎಣಿಸು ಅಂತ. ಮೂವತ್ತೆಂಟರ ಹತ್ತಿರ ಬಂದು ಸೊನ್ನೆಯಿಂದ ಶುರು ಮಾಡಿದವಳ ಲೆಕ್ಕ ನನಗೆ ಎಲ್ಲೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸೊನ್ನೆ ಹೇಗಾಯಿತು ಅಂತ ಹೇಳದಿದ್ದರೆ ಈ ರಿವ್ಯೂಗೆ ಅರ್ಥ ಇರುವುದಿಲ್ಲ. 2009ರವರೆಗೆ ಬೆಂಗಳೂರಿನಲ್ಲಿ ನಾಲ್ಕೂವರೆ ವರ್ಷ ಕೆಲಸ ಮಾಡಿದ್ದೆ. ಪಿಎಫ್ ಕಟ್ ಆಗುತ್ತಿತ್ತು. ಮದುವೆ ಗೊತ್ತಾಯಿತು, ಕೆಲಸ ಬಿಟ್ಟೆ. ಕೆಲಸ ಬಿಟ್ಟವರು ಪಿಎಫ್ ತೆಗೆಯಲು ಎರಡು ತಿಂಗಳು ಕಾಯಬೇಕಿತ್ತು. ಆದರೆ ಮದುವೆಗೆಂದು ರಾಜೀನಾಮೆ ಕೊಡುವ ಹೆಣ್ಣುಮಕ್ಕಳು ಕಾಯಬೇಕಾಗಿಲ್ಲ ಅಂತ ಒಂದು ನಿಯಮ ಇತ್ತು. ಆಗ ಎಷ್ಟು ಒಳ್ಳೆಯ ನಿಯಮ ಅನ್ನಿಸಿತ್ತು! ಬಂದಿದ್ದು 86 ಸಾವಿರ. ಫ್ರಿಜ್, ಗ್ಯಾಸ್ ಸ್ಟವ್, ಒಂದು ದೊಡ್ಡ ಬೀರು, ಉಳಿದಿದ್ದು ಅವರ ಬೈಕಿನ ಸಾಲಕ್ಕೆ. ಬೀರು ಇವತ್ತಿಗೂ ಅವರ ಮನೆಯಲ್ಲೇ ಇದೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು, ಅದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಪಿಎಫ್ ಜೊತೆ ಪಿಂಚಣಿ ಖಾತೆಯ ದುಡ್ಡನ್ನೂ ಬಾಚಿಕೊಂಡು ಬಂದಿದ್ದೆ. ಅದರ ಬದಲು ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಂಡಿದ್ದರೆ ಆ ನಾಲ್ಕೂವರೆ ವರ್ಷ ಮುಂದಿನ ಕೆಲಸದ ಸರ್ವಿಸ್‌ಗೆ ಸೇರುತ್ತಿತ್ತು. ಇಪಿಎಸ್, ಅಂದರೆ ಪಿಎಫ್ ಜೊತೆಗಿನ ಈ ಪಿಂಚಣಿ, ಬೇಕೆಂದರೆ ಒಟ್ಟು ಹತ್ತು ವರ್ಷ ಆಗಲೇಬೇಕು. 2017ರಲ್ಲಿ ಮಗಳನ್ನು ಕರೆದುಕೊಂಡು ಅಮ್ಮನ ಮನೆಗೆ ಬಂದು ಮತ್ತೆ ಕೆಲಸಕ್ಕೆ ಸೇರಿದಾಗ ನನ್ನ ಮೀಟರ್ ಮೊದಲಿನಿಂದ ಓಡಲು ಶುರುವಾಯಿತು. ಅದರ ಲೆಕ್ಕವೂ ಹೇಳಿಬಿಡುತ್ತೇನೆ, ಯಾಕೆಂದರೆ ತುಂಬಾ ಜನ "ಪಿಎಫ್ ಪೆನ್ಷನ್ ಬರುತ್ತಲ್ಲ" ಅಂತ ನೆಮ್ಮದಿಯಾಗಿದ್ದಾರೆ. ಸಂಬಳ ಎಷ್ಟೇ ಇರಲಿ, ಪಿಂಚಣಿಯ ಲೆಕ್ಕಕ್ಕೆ ಹಿಡಿಯುವುದು 15,000 ಮಾತ್ರ. ಅದನ್ನು ಸರ್ವಿಸ್ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 58 ತುಂಬುವಾಗ ನನಗೆ 22 ವರ್ಷ ಆಗಿರುತ್ತದೆ. ಅಂದರೆ 4,714 ರೂಪಾಯಿ. 20 ವರ್ಷ ಮುಗಿಸಿದವರಿಗೆ ಎರಡು ವರ್ಷ ಬೋನಸ್ ಸೇರಿಸುತ್ತಾರೆ, ಆಗ 5,142. ಈಗ ನಾನು ಕಟ್ಟುವ ಬಾಡಿಗೆಯ ಅರ್ಧವೂ ಅಲ್ಲ.

ಇನ್ನು ಕೋರ್ಟ್. ಇಬ್ಬರ ಒಪ್ಪಿಗೆಯ ಮೇಲೆ, ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ, 2018ರಲ್ಲಿ ಮುಗಿಯಿತು. ಅವರಿಗೆ ಹದಿನಾಲ್ಕು ವರ್ಷದ ಪಿಎಫ್ ಇತ್ತು, ನಾನು ಮನೆ ನೋಡಿಕೊಂಡಿದ್ದರಿಂದಲೇ ಅವರು ರಾತ್ರಿ ಶಿಫ್ಟ್ ಮಾಡಿ ಕೂಡಿಟ್ಟಿದ್ದು. ಅದರಲ್ಲಿ ನನಗೆ ಪಾಲು ಇದೆಯಾ ಅಂತ ವಕೀಲರನ್ನು ಕೇಳಿದೆ. ನಮ್ಮಲ್ಲಿ ಹಾಗೆ ಅರ್ಧ ಹಂಚುವ ಕಾನೂನಿಲ್ಲ, ಜೀವನಾಂಶ ನಿಗದಿ ಮಾಡುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ಕೇಳಬಹುದು, ಅಷ್ಟೇ ಅಂದರು. ಅಮೆರಿಕದಲ್ಲಿರುವ ನನ್ನ ಕಾಲೇಜು ಗೆಳತಿಗೆ ಕೋರ್ಟ್ ಆದೇಶದ ಮೇಲೆ ಗಂಡನ ನಿವೃತ್ತಿ ಖಾತೆಯ ಒಂದು ಭಾಗ ನೇರವಾಗಿ ಅವಳ ಹೆಸರಿನ ಖಾತೆಗೇ ಬಂತು. ಕೇಳಿ ಹೊಟ್ಟೆ ಉರಿದಿದ್ದು ಸುಳ್ಳಲ್ಲ. ಈಗ ಕೇಸ್ ನಡೆಸುತ್ತಿರುವವರಿಗೆ ಒಂದು ಮಾತು: 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ವರ್ಸಸ್ ನೇಹಾ ತೀರ್ಪು ಕೊಟ್ಟ ಮೇಲೆ, ಜೀವನಾಂಶದ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆದುಕೊಡಬೇಕು. ಅದನ್ನು ಸಾಲು ಸಾಲಾಗಿ ಓದಿ. ನಾನು ಸಹಿ ಹಾಕಿದಾಗ ಅದಿರಲಿಲ್ಲ. ಇದ್ದಿದ್ದರೂ ಆಗಿನ ಮನಸ್ಥಿತಿಯಲ್ಲಿ ಓದುತ್ತಿದ್ದೆನೋ ಇಲ್ಲವೋ.

ಒಟ್ಟಿಗೆ ಆರು ಲಕ್ಷ ಬಂತು. ಮುಂದೆ ಏನೂ ಕೇಳುವಂತಿಲ್ಲ. ಚೆಕ್ ಹಾಕಿ ಮೂರು ದಿನ ಆಗಿರಲಿಲ್ಲ, ಬ್ಯಾಂಕಿನಿಂದ ಫೋನ್. ಯಾವ ಬ್ಯಾಂಕ್ ಅಂತ ಕೇಳಬೇಡಿ. ಒಬ್ಬ ಹುಡುಗ, ತುಂಬಾ ಮರ್ಯಾದಸ್ಥ, "ಮೇಡಂ, ಪಾಪು ಫ್ಯೂಚರ್‌ಗೆ ಇದು ಎಫ್‌ಡಿ ಥರಾನೇ, ಇನ್ಶೂರೆನ್ಸ್ ಬೇರೆ ಫ್ರೀ" ಅಂದ. ವರ್ಷಕ್ಕೆ 60 ಸಾವಿರ, ಹತ್ತು ವರ್ಷ. ಅಕೌಂಟ್ಸ್ ಓದಿದವಳು, ಎರಡು ನಿಮಿಷ ಕೂತು ಕೂಡಿ ಕಳೆದಿದ್ದರೆ ನಾಲ್ಕು ಪರ್ಸೆಂಟ್ ಚಿಲ್ಲರೆ ಅಂತ ಗೊತ್ತಾಗುತ್ತಿತ್ತು. ಕೂರಲಿಲ್ಲ. ಆ ವರ್ಷ ನನಗೆ ಯಾರಾದರೂ ದನಿ ತಗ್ಗಿಸಿ ಮಾತಾಡಿದರೆ ಸಾಕಿತ್ತು, ಸಹಿ ಹಾಕಿಬಿಡುತ್ತಿದ್ದೆ. ಪಾಲಿಸಿ ಕಾಗದ ಕೈಗೆ ಬಂದ 15 ದಿನದೊಳಗೆ ಬೇಡ ಅನ್ನಬಹುದಿತ್ತು (ಈಗ ಅದು 30 ದಿನ). ಲಕೋಟೆಯನ್ನೇ ಒಡೆಯಲಿಲ್ಲ. ಎರಡು ಕಂತು ಕಟ್ಟಿದೆ. ಲಾಕ್‌ಡೌನಿನಲ್ಲಿ ಸಂಬಳ ಅರ್ಧ ಆದಾಗ ಮೂರನೆಯದು ಕಟ್ಟಲು ಆಗಲಿಲ್ಲ. ಮೂರು ಕಂತು ಆಗದಿದ್ದರೆ ನಯಾಪೈಸೆ ವಾಪಸ್ ಇಲ್ಲ ಅಂದರು. 1 ಲಕ್ಷ 20 ಸಾವಿರ ಹೋಯಿತು.

ಈ ಹಿನ್ನೆಲೆಯಲ್ಲಿ ಎನ್‌ಪಿಎಸ್ ನೋಡಿ. 2019ರ ಮಾರ್ಚ್ ಕೊನೆಯ ವಾರ, ಬೇರೊಂದು ಬ್ಯಾಂಕಿನ ಕೌಂಟರಿನಲ್ಲಿ ಅರ್ಜಿ ತುಂಬಿದೆ. ಟ್ಯಾಕ್ಸ್ ಉಳಿಸುವವರ ನೂಕುನುಗ್ಗಲು. ಕ್ಲರ್ಕ್ ನನ್ನ ಫಾರಂ ತಿರುಗಿಸಿ ನೋಡಿ, "ಮನೆಯವರ ಹೆಸರು ಖಾಲಿ ಬಿಟ್ಟಿದ್ದೀರಲ್ಲ ಮೇಡಂ?" ಅಂದರು. ಹಿಂದೆ ಹತ್ತು ಜನ ನಿಂತಿದ್ದಾರೆ. "ಮನೆಯವರು ಇಲ್ಲ ಸರ್, ಮನೆ ಇದೆ" ಅಂದುಬಿಟ್ಟೆ. ಪಾಪ, ಅವರಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ, ಸೀಲ್ ಹೊಡೆದರು. ಅದೇ ಫಾರಂನಲ್ಲಿ ಒಂದು ಸಣ್ಣ ಚೌಕ ನನಗೆ ತುಂಬಾ ಹಿಡಿಸಿತು. ಪ್ರಾನ್ ಕಾರ್ಡಿನ (ಎನ್‌ಪಿಎಸ್ ಖಾತೆ ನಂಬರಿನ ಕಾರ್ಡ್) ಮೇಲೆ ಅಪ್ಪನ ಹೆಸರು ಬೇಕೋ ಅಮ್ಮನ ಹೆಸರು ಬೇಕೋ ಅಂತ ಕೇಳುತ್ತದೆ. ಅಮ್ಮನ ಹೆಸರಿಗೆ ಟಿಕ್ ಹಾಕಿದೆ. 12 ಅಂಕಿಯ ನಂಬರ್, ಕೆಳಗೆ ಅಮ್ಮನ ಹೆಸರು. ಕಾರ್ಡ್ ಬಂದಾಗ ಅಮ್ಮ ಅದನ್ನು ದೇವರ ಮುಂದೆ ಇಟ್ಟು, ಇದರಿಂದ ರೇಷನ್ ಸಿಗುತ್ತಾ ಅಂತ ಕೇಳಿದರು.

ತಿಂಗಳಿಗೆ 1,500ರಿಂದ ಶುರು ಮಾಡಿದೆ. ಇದರಲ್ಲಿ ನನಗೆ ಮೊದಲು ಇಷ್ಟವಾಗಿದ್ದು ತಪ್ಪಿದರೆ ಬೈಗುಳ ಇಲ್ಲ ಅನ್ನೋದು. ಆರ್‌ಡಿ ಕಂತು ತಪ್ಪಿದರೆ ದಂಡ, ಚೀಟಿ ತಪ್ಪಿದರೆ ಮನೆ ಬಾಗಿಲಿಗೆ ಜನ, ಪಾಲಿಸಿ ತಪ್ಪಿದರೆ ನನ್ನ ಕಥೆ. ಇಲ್ಲಿ ವರ್ಷಕ್ಕೆ 1,000 ಬಿದ್ದರೆ ಖಾತೆ ಬದುಕಿರುತ್ತದೆ. 2020ರಲ್ಲಿ ಐದು ತಿಂಗಳು ಒಂದು ರೂಪಾಯಿಯೂ ಹಾಕಲಿಲ್ಲ. ಯಾರೂ ಫೋನ್ ಮಾಡಲಿಲ್ಲ. ಒಬ್ಬಳ ಸಂಬಳದಲ್ಲಿ ಬದುಕುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಎರಡು ಸಂಬಳದ ಮನೆಯವರಿಗೆ ಅರ್ಥ ಆಗೋದು ಕಷ್ಟ. ಆ ಮಾರ್ಚಿನಲ್ಲಿ ಮಾರ್ಕೆಟ್ ಬಿದ್ದಾಗ ಅಲ್ಲಿಯವರೆಗೆ ಹಾಕಿದ್ದ 19,500 ಹದಿನಾರು ಸಾವಿರದ ಕೆಳಗೆ ಇಳಿದಿತ್ತು. ತೆಗೆಯುವ ಗುಂಡಿ ಇದ್ದಿದ್ದರೆ ಒತ್ತಿಬಿಡುತ್ತಿದ್ದೆ. ಇರಲಿಲ್ಲ.

ಇಲ್ಲಿಂದಲೇ ನನ್ನ ಮುಖ್ಯ ಮಾತು. ಎನ್‌ಪಿಎಸ್‌ನಲ್ಲಿ ಎಲ್ಲರೂ ಬೈಯುವುದು ಈ ಬೀಗಕ್ಕೆ. 60ರವರೆಗೆ ದುಡ್ಡು ಸಿಗಲ್ಲ, ಅರ್ಜೆಂಟಿಗೆ ಬರಲ್ಲ, ಮ್ಯೂಚುವಲ್ ಫಂಡೇ ವಾಸಿ ಅಂತ. ಅವರು ಹೇಳೋದು ಸರಿ. ಆದರೆ ಗಂಡ ಬಿಟ್ಟ ಹೆಂಗಸಿನ ಹತ್ತಿರ ಒಂದಿಷ್ಟು ದುಡ್ಡಿದೆ ಅಂತ ಗೊತ್ತಾದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿಲ್ಲ. 2018ರಲ್ಲೇ ನನ್ನ ತಮ್ಮ ಒಂದು ಲಕ್ಷ ತೆಗೆದುಕೊಂಡು ಹೋದ. ಕೆಟ್ಟವನಲ್ಲ, ಮಗಳಿಗೆ ಜ್ವರ ಬಂದರೆ ಮಧ್ಯರಾತ್ರಿ ಬೈಕ್ ತೆಗೆಯುವವನು ಅವನೇ. ಆದರೆ ದುಡ್ಡು ಅವನ ಕೈಯಲ್ಲಿ ನಿಲ್ಲುವುದಿಲ್ಲ. ಅದರಲ್ಲಿ 40 ಸಾವಿರ ವಾಪಸ್ ಬಂದಿದೆ, ಉಳಿದಿದ್ದರ ಬಗ್ಗೆ ಹಬ್ಬದ ದಿನ ಮಾತಾಡಬಾರದು ಅನ್ನುವುದು ನಮ್ಮ ಮನೆಯ ಅಲಿಖಿತ ಒಪ್ಪಂದ. 2022ರಲ್ಲಿ ಮತ್ತೆ ಬಂದ. ನಂಜನಗೂಡು ರಸ್ತೆಯಲ್ಲಿ ಸೈಟು, ಅಡ್ವಾನ್ಸ್ ಕೊಡಬೇಕು.

"ಅಕ್ಕಾ, ಅದೇನೋ ಪೆನ್ಷನ್ನಿಗೆ ಹಾಕ್ತಿದ್ದೀಯಲ್ಲ, ಅದ್ರಲ್ಲಿ ತೆಗಿ. ಆರು ತಿಂಗಳು ಅಷ್ಟೇ."

"ಅರವತ್ತಾಗೋವರೆಗೂ ಅವರು ನನಗೇ ಕೊಡಲ್ಲ ಕಣೋ. ನಿನಗೆಲ್ಲಿಂದ ಕೊಡಲಿ?"

"ಅರವತ್ತಾ?"

"2041."

ಅವನು ಕಾಫಿ ಲೋಟ ಕೆಳಗಿಟ್ಟು ಗೋಡೆ ಕಡೆ ನೋಡಿದ. ಅಲ್ಲಿಗೆ ಮುಗಿಯಿತು. ಜಗಳ ಇಲ್ಲ, ಮುನಿಸು ಇಲ್ಲ. ಇಲ್ಲ ಅಂದಿದ್ದು ನಾನಲ್ಲ, ನಿಯಮ. ಈ ಒಂದು ಮಾತಿಗೇ ನಾನು ಎರಡು ಸ್ಟಾರ್ ಕೊಡುತ್ತೇನೆ.

ತಮ್ಮನಿಗೆ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ ಅನ್ನಿ. ಮೂರು ವರ್ಷದ ಮೇಲೆ ಸ್ವಲ್ಪ ತೆಗೆಯಬಹುದು: ಮಕ್ಕಳ ಉನ್ನತ ಶಿಕ್ಷಣ, ಮದುವೆ, ಮನೆ, ದೊಡ್ಡ ಕಾಯಿಲೆ ಇಂಥವಕ್ಕೆ. ಅದೂ ನಾವು ಹಾಕಿದ ದುಡ್ಡಿನ ಕಾಲು ಭಾಗ, ಬೆಳೆದಿದ್ದರಲ್ಲಿ ಅಲ್ಲ. ನಾನು ಇಲ್ಲಿಯವರೆಗೆ ಹಾಕಿರುವುದು 1,92,000, ಹಾಗಾಗಿ ನನಗೆ ಸಿಗಬಹುದಾದದ್ದು 48 ಸಾವಿರ. ತಮ್ಮನ ಸೈಟಿಗೆ ಇಲ್ಲ, ಮಗಳ ಸ್ಕೂಲ್ ಫೀಸಿಗೂ ಇಲ್ಲ. 60ಕ್ಕೆ ಮುಂಚೆ ಪೂರ್ತಿ ಬಿಟ್ಟು ಹೋಗುತ್ತೇನೆ ಅಂದರೆ, ಸಣ್ಣ ಮೊತ್ತವಾಗದಿದ್ದರೆ, 80 ಪರ್ಸೆಂಟ್ ಪಿಂಚಣಿ ಕೊಳ್ಳಲೇ ಹೋಗುತ್ತದೆ. ಹಾಗಾಗಿ ಕೈಯಲ್ಲಿ ಬೇರೆ ದುಡ್ಡು ಇಲ್ಲದೆ ಇದಕ್ಕೆ ಬರಬೇಡಿ. ನಾನು ಆರು ಲಕ್ಷದಲ್ಲಿ ಒಂದು ಲಕ್ಷ ಸುಮ್ನೆ ಎಫ್‌ಡಿಯಲ್ಲಿ ಇಟ್ಟಿದ್ದೆ, ಅಮ್ಮನ ಕಣ್ಣಿನ ಆಪರೇಷನ್, ಸ್ಕೂಟಿ ರಿಪೇರಿ, ಒಂದು ಸಲ ಮೂರು ತಿಂಗಳ ಬಾಡಿಗೆ ಎಲ್ಲ ಅದರಲ್ಲೇ ನಡೆಯಿತು. ಆ ಲಕ್ಷ ಇಲ್ಲದಿದ್ದರೆ ಈ ಬೀಗ ನನಗೂ ಉರುಳೇ ಆಗುತ್ತಿತ್ತು.

ಈಗ ಕಡಿತದ ಸ್ಟಾರ್‌ಗಳು.

ಮೊದಲ ತಕರಾರು ಆಟೋ ಚಾಯ್ಸ್, ಅಂದರೆ ನಮ್ಮ ವಯಸ್ಸು ನೋಡಿ ದುಡ್ಡನ್ನು ಶೇರು, ಬಾಂಡಿಗೆ ತಾನಾಗೇ ಹಂಚುವ ಬಗೆ. ಫಾರಂ ತುಂಬುವಾಗ "ತಲೆಬಿಸಿ ಬೇಡ ಮೇಡಂ, ಆಟೋ ಹಾಕಿ" ಅಂತ ಎಲ್ಲರೂ ಹೇಳುತ್ತಾರೆ. ಎಲ್‌ಸಿ 75 ಅಂತ ಹೆಸರಿದೆ, 75 ಪರ್ಸೆಂಟ್ ಶೇರಿನಲ್ಲಿ ಇರುತ್ತದೆ ಅಂದುಕೊಂಡೆ. ಇರುತ್ತದೆ, 35 ವಯಸ್ಸಿನವರೆಗೆ! ಆಮೇಲೆ ವರ್ಷಾ ವರ್ಷ ಇಳಿಸುತ್ತಾ ಹೋಗುತ್ತಾರೆ, 45 ಆಗುವಷ್ಟರಲ್ಲಿ 35 ಪರ್ಸೆಂಟ್. ಇಪ್ಪತ್ತೈದಕ್ಕೆ ಶುರು ಮಾಡಿದವನಿಗೆ ಇದು ಸರಿ, ಅವನ ಗಂಟು ಆಗಲೇ ದಪ್ಪಗಾಗಿರುತ್ತದೆ. ನನ್ನ ಗಂಟಿನಲ್ಲಿ ಆಗ ಇದ್ದಿದ್ದೇ ಒಂದು ಸಂಬಳದಷ್ಟು. ಬೆಳೆಯಬೇಕಾದ ಹೊತ್ತಿಗೇ ಕಾಲು ಕಟ್ಟಿದ ಹಾಗೆ. ಎರಡು ವರ್ಷ ಆದಮೇಲೆ, ಹಂಚಿಕೆ ನಾವೇ ಹೇಳುವ ಆಕ್ಟಿವ್ ಚಾಯ್ಸ್‌ಗೆ ಬದಲಾಯಿಸಿಕೊಂಡೆ. ಈಗ 65 ಶೇರು, 15 ಕಾರ್ಪೊರೇಟ್ ಬಾಂಡ್, 20 ಸರ್ಕಾರಿ ಬಾಂಡ್. ವರ್ಷಕ್ಕೆ ನಾಲ್ಕು ಸಲ ಬದಲಾಯಿಸಬಹುದು, ನಾನು ಏಳು ವರ್ಷದಲ್ಲಿ ಮಾಡಿದ್ದು ಎರಡೇ ಸಲ. 2025ರ ಅಕ್ಟೋಬರ್‌ನಿಂದ ಪೂರ್ತಿ 100 ಪರ್ಸೆಂಟ್ ಶೇರಿನ ಸ್ಕೀಮ್‌ಗಳೂ ಬಂದಿವೆ. ನಾನು ಹೋಗಲಿಲ್ಲ. ಹಳೆಯದರಲ್ಲಿ ಫಂಡ್ ನಿರ್ವಹಣೆಗೆ 2026ರ ಮಾರ್ಚ್‌ವರೆಗೆ ವರ್ಷಕ್ಕೆ ಹೆಚ್ಚೆಂದರೆ 0.09 ಪರ್ಸೆಂಟ್ ಇತ್ತು, ಲಕ್ಷಕ್ಕೆ 90 ರೂಪಾಯಿ. ಹೊಸದರಲ್ಲಿ 0.30ವರೆಗೂ ತೆಗೆದುಕೊಳ್ಳಬಹುದು. ನನ್ನಂಥ ಸಣ್ಣ ಖಾತೆಗೆ ಅಗ್ಗವಾಗಿರುವುದೇ ಇದರ ದೊಡ್ಡ ಗುಣ, ಅದನ್ನೇ ಯಾಕೆ ಕಳೆದುಕೊಳ್ಳಲಿ?

ಅಗ್ಗ ಅಂದೆ, ಆದರೆ ಬಾಗಿಲಲ್ಲಿ ತೆಗೆದುಕೊಳ್ಳುವ ಶುಲ್ಕ ಬೇರೆ ಇದೆ. ಇದು ಎರಡನೇ ತಕರಾರು. ಬ್ಯಾಂಕ್ ಮೂಲಕ ಪ್ರತಿ ಸಲ ಹಾಕಿದಾಗ ಕನಿಷ್ಠ 30 ರೂಪಾಯಿ, ಮೇಲೆ ಜಿಎಸ್‌ಟಿ. ದೊಡ್ಡ ಮೊತ್ತ ಹಾಕುವವರಿಗೆ ಅರ್ಧ ಪರ್ಸೆಂಟ್ ಅಷ್ಟೇ. 1,500 ಹಾಕುವವಳಿಗೆ ಎರಡು ಪರ್ಸೆಂಟ್. ಬಡವರ ಹತ್ತಿರ ಜಾಸ್ತಿ, ಉಳ್ಳವರ ಹತ್ತಿರ ಕಮ್ಮಿ, ಇದ್ಯಾವ ನ್ಯಾಯ? ಸ್ಟೇಟ್‌ಮೆಂಟ್‌ನಲ್ಲಿ ಇದು ಕಣ್ಣಿಗೆ ಬಿದ್ದ ದಿನವೇ ಡಿ-ರೆಮಿಟ್ ಮಾಡಿಸಿಕೊಂಡೆ. ನಮ್ಮ ಪ್ರಾನ್‌ಗೆ ಸೇರಿದ ಒಂದು ವರ್ಚುವಲ್ ಖಾತೆ ನಂಬರ್ ಕೊಡುತ್ತಾರೆ, ಅದನ್ನು ನೆಟ್ ಬ್ಯಾಂಕಿಂಗ್‌ನಲ್ಲಿ ಸೇರಿಸಿ, ಪ್ರತಿ ತಿಂಗಳು 3ನೇ ತಾರೀಕು ತಾನಾಗೇ ಹೋಗುವ ಹಾಗೆ ಇಟ್ಟಿದ್ದೇನೆ. ಬೆಳಗ್ಗೆ ಹನ್ನೊಂದು ಗಂಟೆಯೊಳಗೆ ತಲುಪಿದರೆ ಅವತ್ತಿನ ದರದಲ್ಲೇ ಯೂನಿಟ್ ಸಿಗುತ್ತದೆ. ಕನಿಷ್ಠ 500. ಕೌಂಟರಿನಲ್ಲಿ ಇದನ್ನು ಯಾರೂ ತಾವಾಗಿ ಹೇಳಲಿಲ್ಲ, ನಾನೇ ಹುಡುಕಿಕೊಂಡೆ.

ಮೂರನೆಯದು ಟ್ಯಾಕ್ಸ್ ಆಸೆ. 1961ರ ಆದಾಯ ತೆರಿಗೆ ಕಾಯ್ದೆಯ 80ಸಿಸಿಡಿ(1ಬಿ) ಸೆಕ್ಷನ್‌ನಲ್ಲಿ 50 ಸಾವಿರ ಹೆಚ್ಚುವರಿ ವಿನಾಯಿತಿ ಅಂತ ಡಂಗುರ ಹೊಡೆಯುತ್ತಾರಲ್ಲ, ಅದು ಹಳೆಯ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಕಂಪನಿ ನಮ್ಮ ಪರವಾಗಿ ಹಾಕಿದರೆ ಉಂಟು, ನಾವೇ ಹಾಕಿದರೆ ಇಲ್ಲ. ನನ್ನ ಸಂಬಳ 41 ಸಾವಿರ, ಹೊಸ ಪದ್ಧತಿಯಲ್ಲಿ ಟ್ಯಾಕ್ಸೇ ಬರುವುದಿಲ್ಲ. ಹಾಗಾಗಿ ನನ್ನಂಥವರಿಗೆ ಇದು ಟ್ಯಾಕ್ಸ್ ಉಳಿಸುವ ಯೋಜನೆ ಅಲ್ಲವೇ ಅಲ್ಲ. ಯಾರಾದರೂ ಹಾಗಂತ ಮಾರಿದರೆ ನಿಮ್ಮ ಸಂಬಳ ಕೇಳದೆ ಮಾರುತ್ತಿದ್ದಾರೆ ಅಂತ ತಿಳಿಯಿರಿ.

ನಾಲ್ಕನೆಯದು ಆನ್ಯುಟಿ, ಅಂದರೆ 60ರಲ್ಲಿ ಒಂದು ಭಾಗ ಕೊಟ್ಟು ತಿಂಗಳ ಪಿಂಚಣಿ ಕೊಳ್ಳಲೇಬೇಕಾದದ್ದು. ಮೊದಲು 40 ಪರ್ಸೆಂಟ್ ಕಡ್ಡಾಯ ಇತ್ತು. 2025ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿ ಸರ್ಕಾರಿ ನೌಕರರಲ್ಲದವರಿಗೆ 20ಕ್ಕೆ ಇಳಿಸಿದರು. ಎಂಟು ಲಕ್ಷದೊಳಗೆ ಇದ್ದರೆ ಪೂರ್ತಿ ಕೈಗೇ. ಎಲ್ಲರೂ ಖುಷಿಪಟ್ಟರು. ನನಗೆ ಅಷ್ಟು ಖುಷಿ ಆಗಲಿಲ್ಲ ನೋಡಿ. 60ರಲ್ಲಿ ಇಪ್ಪತ್ತು ಚಿಲ್ಲರೆ ಲಕ್ಷ ಒಟ್ಟಿಗೆ ಕೈಗೆ ಬಂದರೆ ಆಗಲೂ ಒಬ್ಬ ಮರ್ಯಾದಸ್ಥ ಹುಡುಗ ಫೋನ್ ಮಾಡುತ್ತಾನೆ, ಆಗಲೂ ಯಾರದೋ ಸೈಟು ಇರುತ್ತದೆ. ಇನ್ನು ಪಿಂಚಣಿ ಮೊತ್ತದ ಮೇಲೆ ಟ್ಯಾಕ್ಸ್ ಲೆಕ್ಕಕ್ಕೆ ಬರುತ್ತದೆ, ಬೆಲೆ ಏರಿದ ಹಾಗೆ ಅದು ಏರುವುದೂ ಇಲ್ಲ. ನಮ್ಮಂಥವರು ನೋಡಬೇಕಾದ್ದು ಒಂದು: ತೆಗೆದುಕೊಂಡವರು ಹೋದ ಮೇಲೆ ಹಾಕಿದ ಅಸಲು ನಾಮಿನಿಗೆ ಬರುವ ಬಗೆ ಇದೆ. ತಿಂಗಳ ಮೊತ್ತ ಸ್ವಲ್ಪ ಕಮ್ಮಿಯಾಗುತ್ತದೆ. ಗಂಡ ಹೆಂಡತಿ ಜಂಟಿ ಪಿಂಚಣಿ ನಮಗೆ ಲಾಗು ಆಗೋದಿಲ್ಲ, ಇದು ಆಗುತ್ತದೆ.

ಅಂಕಿ ಸಂಖ್ಯೆ ಕೇಳುವವರಿಗೆ ಪೂರ್ತಿ ಬಿಚ್ಚಿಡುತ್ತೇನೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಬಸ್ಸಿಗೆ ಖರ್ಚಾಗುತ್ತಿದ್ದ ತಿಂಗಳ ಸಾವಿರ ರೂಪಾಯಿ ಉಳಿಯಿತು. ಆ ವಾರವೇ ಅದನ್ನು ಎನ್‌ಪಿಎಸ್‌ಗೆ ತಿರುಗಿಸಿದೆ, ಇಲ್ಲದಿದ್ದರೆ ಬೇಕರಿಯಲ್ಲಿ ಕರಗಿಹೋಗುತ್ತಿತ್ತು. ಆಮೇಲೆ ಸಂಬಳ ಏರಿದಾಗ 4,000, ಈಗ 5,000. ಹಾಕಿದ 1,92,000 ಇವತ್ತು 2 ಲಕ್ಷ 55 ಸಾವಿರದ ಆಸುಪಾಸಿನಲ್ಲಿದೆ. ಇದನ್ನು ನೋಡಿ ಆಹಾ ಅನ್ನಬೇಡಿ, ಅಯ್ಯೋ ಅನ್ನಲೂಬೇಡಿ. ಇದೇ 5,000 ಇನ್ನು 15 ವರ್ಷ ಹಾಕಿ, ವರ್ಷಕ್ಕೆ 10 ಪರ್ಸೆಂಟ್ ಬೆಳೆದರೆ ಸುಮಾರು 32 ಲಕ್ಷ. ಬೆಳೆದೇ ಬೆಳೆಯುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಬೆಲೆ ಏರಿಕೆ 6 ಪರ್ಸೆಂಟ್ ಅಂತ ಹಿಡಿದರೆ ಆ 32 ಇವತ್ತಿನ ಹದಿಮೂರು ಲಕ್ಷಕ್ಕೆ ಸಮ. 20 ಪರ್ಸೆಂಟ್‌ಗೆ ಪಿಂಚಣಿ ಕೊಂಡು, ದರ 6 ಅಂತ ಇಟ್ಟುಕೊಂಡರೆ ತಿಂಗಳಿಗೆ 3,200. ಇಪಿಎಸ್ 5,142 ಸೇರಿಸಿದರೆ 8,342. ಉಳಿದ 25 ಲಕ್ಷದಲ್ಲಿ ಮಿಕ್ಕ ಜೀವನ, ಜೊತೆಗೆ ಪಿಎಫ್. ಸಾಲುವುದಿಲ್ಲ, ಗೊತ್ತು. ಅದಕ್ಕೇ ಪ್ರತಿ ಏಪ್ರಿಲ್‌ನಲ್ಲಿ 500 ಏರಿಸಬೇಕು ಅಂತ ಇದ್ದೇನೆ. ಏಳು ವರ್ಷದ ಹಿಂದೆ ಇದೇ ಹಾಳೆಯಲ್ಲಿ ಎಲ್ಲ ಕಾಲಂನಲ್ಲೂ ಸೊನ್ನೆ ಇತ್ತು.

ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಯಾಕಲ್ಲ ಅಂತ ಕೇಳುತ್ತೀರಿ. ಅದೂ ಇದೆ, ಒಂದೂವರೆ ಲಕ್ಷ ಹಾಕಿ ಶುರು ಮಾಡಿದ್ದೆ. 2020ರಿಂದ 7.1 ಪರ್ಸೆಂಟ್, ಅಲ್ಲಾಡಿಲ್ಲ. ಕೋರ್ಟ್ ಸಾಲ ವಸೂಲಿಗೂ ಅದನ್ನು ಮುಟ್ಟುವಂತಿಲ್ಲ, ಆ ಒಂದು ಗುಣಕ್ಕೆ ಎಲ್ಲ ಒಂಟಿ ಅಮ್ಮಂದಿರೂ ಇಡಬೇಕು. 5ನೇ ತಾರೀಕಿನೊಳಗೆ ಹಾಕಿ, ಇಲ್ಲದಿದ್ದರೆ ಆ ತಿಂಗಳ ಬಡ್ಡಿ ಇಲ್ಲ. ಪಿಎಫ್‌ಗೇ ಹೆಚ್ಚು ಕಟ್ಟುವುದು ಇನ್ನೂ ಲೇಸು, 8.25 ಕೊಡುತ್ತಿದ್ದಾರೆ. ಆದರೆ ಪಿಎಫ್‌ನಿಂದ ಅಡ್ವಾನ್ಸ್ ತೆಗೆಯುವುದು ಎಷ್ಟು ಸುಲಭ ಅಂತ ನನಗೂ ಗೊತ್ತು, ತಮ್ಮನಿಗೂ ಗೊತ್ತು.

ಮಗಳಿಗೆ ಸುಕನ್ಯಾ ಸಮೃದ್ಧಿ ಇದೆ, ಈಗ 8.2. ಅಮ್ಮನಿಗೆ ನನ್ನ ಮೇಲಿರುವ ಕೋಪವೇ ಇದು. ಮಗಳ ಖಾತೆಗೆ ತಿಂಗಳಿಗೆ 1,500, ನಿನ್ನ ಖಾತೆಗೆ 5,000, ಇದೆಂಥ ತಾಯಿ ನೀನು ಅಂತ ಎದುರಿಗೇ ಅಂದಿದ್ದಾರೆ. ನಾನು ಹೇಳಿದೆ, "ಅಮ್ಮಾ, ನಿನ್ನ ಮಾತ್ರೆಗೆ ದುಡ್ಡು ಯಾರು ಕೊಡ್ತಾರೆ?" ಸುಮ್ಮನಾದರು. ಹಾಗೆ ಹೇಳಬಾರದಿತ್ತು. ಆದರೆ ಲೆಕ್ಕ ಅದೇ.

ಎಲ್ಲರಿಗೂ ಎನ್‌ಪಿಎಸ್ ಬೇಡ. ನಮ್ಮ ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವವರೊಬ್ಬರಿದ್ದಾರೆ, ಅವರೂ ಒಬ್ಬರೇ, ಇಬ್ಬರು ಗಂಡುಮಕ್ಕಳು. ವಯಸ್ಸು 39. ಅವರಿಗೆ ನಾನು ಅಟಲ್ ಪಿಂಚಣಿ ಮಾಡಿಸಿದೆ. 40 ದಾಟಿದರೆ ಸೇರಿಸಿಕೊಳ್ಳುವುದಿಲ್ಲ, ಟ್ಯಾಕ್ಸ್ ಕಟ್ಟುವವರಿಗೂ ಇಲ್ಲ. 60ರಿಂದ ತಿಂಗಳಿಗೆ 5,000 ಬೇಕೆಂದರೆ 39ರಲ್ಲಿ ಸೇರಿದವರಿಗೆ ತಿಂಗಳಿಗೆ 1,318. ಹದಿನೆಂಟಕ್ಕೇ ಸೇರುವವರಿಗೆ 210 ಸಾಕು. ಇವರಿಗೆ ಹದಿನೆಂಟಾದಾಗ ಈ ಯೋಜನೆಯೇ ಇರಲಿಲ್ಲ, ಆಗ ಮದುವೆ ಮಾಡಿದ್ದರು. ಗೃಹಲಕ್ಷ್ಮಿಯ 2,000ದಲ್ಲಿ ಕಟ್ಟುತ್ತಾರೆ, ಉಳಿದಿದ್ದು ದಾರ, ಗುಂಡಿಗೆ. ಶೇರು ಬಿತ್ತು ಎದ್ದಿತು ಅನ್ನುವ ತಲೆನೋವು ಇಲ್ಲ, ಸರ್ಕಾರದ ಖಾತ್ರಿ ಇದೆ.

ಕೊನೆಗೆ ನಾಮಿನಿ ವಿಷಯ. ಇದರಲ್ಲಿ ತಪ್ಪು ಪೂರ್ತಿ ನನ್ನದೇ. 2017ರಲ್ಲಿ ಕೆಲಸಕ್ಕೆ ಸೇರುವಾಗ ಕಾಗದದ ಮೇಲೆ ನಾನಿನ್ನೂ ಮದುವೆಯಾದವಳು. ಪಿಎಫ್ ಫಾರಂನಲ್ಲಿ ಅವರ ಹೆಸರೇ ಹೋಗಿತ್ತು. ಡಿವೋರ್ಸ್ ಆಗಿ ಮೂರು ವರ್ಷ ಆದಮೇಲೆ, 2021ರಲ್ಲಿ, ಆನ್‌ಲೈನ್ ಇ-ನಾಮಿನೇಷನ್ ಮಾಡಲು ಹಳೆಯ ಪ್ರತಿ ತೆಗೆದಾಗ ಕಂಡಿತು. ಬೆವರಿಬಿಟ್ಟೆ. ಅವತ್ತೇ ಪಿಎಫ್, ಎನ್‌ಪಿಎಸ್, ಬ್ಯಾಂಕ್, ಪಿಪಿಎಫ್ ಎಲ್ಲ ಕೂತು ಬದಲಾಯಿಸಿದೆ.

ಮಗಳ ಹೆಸರು ಬರೆದರೆ ಮುಗಿಯಲಿಲ್ಲ, ಮೈನರ್ ಆದ್ದರಿಂದ ಪೋಷಕರ ಹೆಸರು ಕೇಳುತ್ತದೆ. 1956ರ ಹಿಂದೂ ಅಪ್ರಾಪ್ತರ ಪೋಷಕತ್ವ ಕಾಯ್ದೆ ಪ್ರಕಾರ ಸಹಜ ಪೋಷಕ ಅಪ್ಪ, ಅವನ ನಂತರ ಅಮ್ಮ. "ನಂತರ" ಅಂದರೆ ಅವನು ಸತ್ತ ಮೇಲೆ ಅಂತಲೇ ಅಲ್ಲ, ಅವನು ಜವಾಬ್ದಾರಿ ಹೊರದೆ ಇರುವಾಗಲೂ ಅಮ್ಮನೇ ಪೋಷಕಿ ಅಂತ 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಕೇಸ್ ಶುರುವಾಗಿದ್ದೂ ರಿಸರ್ವ್ ಬ್ಯಾಂಕ್ ಬಾಂಡಿನ ಅರ್ಜಿಯಿಂದಲೇ, ಮಗನ ಹೆಸರಿನ ಬಾಂಡಿಗೆ ಅಮ್ಮನ ಸಹಿ ಸಾಲದು ಅಂದಿದ್ದಕ್ಕೆ. ಆದರೆ ನಾನೇ ಹೋದ ಮೇಲೆ? ಆಗ ಅಪ್ಪನೇ ತಾನೇ. ಆ ಕಾಲಂ ಖಾಲಿ ಬಿಟ್ಟರೆ ಏಳು ವರ್ಷ ಕೂಡಿಟ್ಟಿದ್ದು ಎಲ್ಲಿಂದ ಹೊರಟೆನೋ ಅಲ್ಲಿಗೇ ಹೋಗಿ ನಿಲ್ಲಬಹುದು. ತಮ್ಮನ ಹೆಸರು ಬರೆಯಬೇಕು ಅಂತ ಅಮ್ಮ ಅಂದರು. ನಾನು ತಮ್ಮನ ಹೆಂಡತಿಯ ಹೆಸರು ಬರೆದೆ. ಅವಳು ಹಾಲಿನ ಲೆಕ್ಕವನ್ನೂ ಗೋಡೆ ಕ್ಯಾಲೆಂಡರಿನ ಮೇಲೆ ಬರೆದಿಡುವವಳು, ನನಗೆ ಬರಬೇಕಾದ 60 ಸಾವಿರವೂ ಅವಳ ಡೈರಿಯಲ್ಲಿದೆಯಂತೆ. ಮಗಳಿಗೆ 18 ತುಂಬುವುದು 2030ರ ಜೂನ್‌ನಲ್ಲಿ. ಆ ತಿಂಗಳು ನಾಮಿನೇಷನ್ ಮತ್ತೆ ಬದಲಾಯಿಸಬೇಕು, ಪೋಷಕರ ಕಾಲಂ ತೆಗೆಸಬೇಕು. ಫೋನಿನಲ್ಲಿ ರಿಮೈಂಡರ್ ಇಟ್ಟಿದ್ದೇನೆ, ಫೋನ್ ಹಾಳಾದರೆ ಇರಲಿ ಅಂತ ಪ್ರಾನ್ ಕಾರ್ಡಿನ ಹಿಂದೆ ಒಂದು ಚೀಟಿ ಅಂಟಿಸಿದ್ದೇನೆ.